ಎಲಿಜಬೆತ್ ಯಾರ ಮಗಳು?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್ ಊರಿನಲ್ಲಿ ಸಮುದ್ರದತ್ತ ಮುಖ ಮಾಡಿದ ಒಂದು ಗುಡ್ಡವಿದೆ. ಊರಿನ ಹಳೆಯ ಸ್ಮಶಾನ ಅದು. ಬರಿಯಲ್ ಹಿಲ್ ಎಂದೇ ಹೆಸರು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೌಲ್ಯಾಂಡ್ ಮನೆತನದವರು ತಮ್ಮ ಮೂಲಪುರುಷ ಜಾನ್ ಹೌಲ್ಯಾಂಡ್‌ನ ನೆನಪಿಗೆ ಅಲ್ಲೊಂದು ಕಲ್ಲು ನೆಡಿಸಿದರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದಿಳಿದವನು ಈ ಜಾನ್. ಅವನ ಹೆಂಡತಿ ಎಲಿಜಬೆತ್ ಆ ವಸಾಹತಿನ ಮೊದಲ ಗವರ್ನರ್ ಜಾನ್ ಕಾರ್ವರ್‌ನ ಕುಡಿ ಎಂದು ಕಲ್ಲು ಸಾರಿತು. ಮಗಳು ಎನ್ನುವವರಿದ್ದರು, ಮೊಮ್ಮಗಳು ಎನ್ನುವವರೂ ಇದ್ದರು. ಗವರ್ನರನ ರಕ್ತ ತಮ್ಮ ಮೈಯಲ್ಲಿ ಹರಿಯುತ್ತಿದೆ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಆರೇಳು ತಲೆಮಾರು ಬಾಯಿಂದ ಬಾಯಿಗೆ ದಾಟಿ ಬಂದ ಮಾತು. ಪೂರ್ತಿ ಸುಳ್ಳು.

ಅಮೆರಿಕದಲ್ಲಿ ಪೂರ್ವಿಕರನ್ನು ಹುಡುಕುವುದು ದೊಡ್ಡ ಹವ್ಯಾಸ. ಅದನ್ನೇ ನಂಬಿದ ದೊಡ್ಡ ವ್ಯಾಪಾರವೂ ಇದೆ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಹೇಳಿ ಹೋಗುತ್ತಿದ್ದರು. ಅಲ್ಲಿ ಆ ಕೆಲಸವನ್ನು ಕಾಗದಗಳೇ ಮಾಡಬೇಕು. ಮೊದಮೊದಲು ಬಂದು ನೆಲೆಸಿದವರಲ್ಲಿ ನಮ್ಮವನೊಬ್ಬ ಇದ್ದ ಎಂದು ತೋರಿಸಿಕೊಳ್ಳುವ ಆಸೆ ಎಷ್ಟು ಬಲವಾದದ್ದು, ಆ ಆಸೆ ಹೇಗೆ ದಾರಿ ತಪ್ಪಿಸುತ್ತದೆ, ಒಂದು ಕಾಗದದ ಚೂರು ಹೇಗೆ ದಾರಿಗೆ ತರುತ್ತದೆ ಎಂದು ನೋಡಲು ಹೌಲ್ಯಾಂಡ್ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಬುಷ್ ತಂದೆ–ಮಗ, ಸಿನಿಮಾ ನಟ ಹಂಫ್ರಿ ಬೊಗಾರ್ಟ್ ಎಲ್ಲರೂ ಈ ಜಾನ್ ಮತ್ತು ಎಲಿಜಬೆತ್ ದಂಪತಿಯ ವಂಶದವರೇ. ಇಂದು ಬದುಕಿರುವ ವಂಶಸ್ಥರು ಇಪ್ಪತ್ತು ಲಕ್ಷದಷ್ಟಿರಬಹುದು ಎಂಬ ಅಂದಾಜಿದೆ.

ಈ ವಂಶವೇ ಹುಟ್ಟದೆ ಹೋಗುವ ಸಂಭವವೂ ಇತ್ತು. ಜಾನ್ ಹಡಗು ಹತ್ತಿದ್ದು ಕಾರ್ವರ್‌ನ ಮನೆಯ ಆಳಾಗಿ. ಅಟ್ಲಾಂಟಿಕ್‌ನ ನಡುವೆ ಬಿರುಗಾಳಿ ಎದ್ದು, ಹಾಯಿಗಳನ್ನೆಲ್ಲ ಇಳಿಸಿ ಹಡಗನ್ನು ಅಲೆಗಳಿಗೆ ಬಿಟ್ಟಿದ್ದಾಗ ಈತ ಯಾಕೋ ಮೇಲಿನ ಅಟ್ಟಕ್ಕೆ ಬಂದ. ಹಡಗು ವಾಲಿದ ಒಂದೇ ಹೊಡೆತಕ್ಕೆ ನೀರಿಗೆ ಬಿದ್ದ. ಮೇಲಿನ ಹಾಯಿಯ ಹಗ್ಗವೊಂದು ಹೊರಗೆ ಜೋಲಾಡುತ್ತಿತ್ತು. ಅದು ಕೈಗೆ ಸಿಕ್ಕಿತು. ಹಲವು ಮಾರು ಆಳಕ್ಕೆ ಮುಳುಗಿದರೂ ಹಿಡಿದದ್ದನ್ನು ಬಿಡಲಿಲ್ಲ. ಮೇಲಿದ್ದವರು ಹಗ್ಗ ಜಗ್ಗಿ, ಕೊಕ್ಕೆ ಹಾಕಿ ಎಳೆದುಕೊಂಡರು. ಇದನ್ನು ಬರೆದಿಟ್ಟವನು ಅದೇ ಹಡಗಿನಲ್ಲಿದ್ದ, ಮುಂದೆ ದೀರ್ಘಕಾಲ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್. ಅವನ ಬರಹ ಮುಂದೆ ಇನ್ನೊಂದು ಕೆಲಸಕ್ಕೂ ಬರಲಿದೆ.

ಹಡಗಿನಲ್ಲಿದ್ದವರು 102 ಜನ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಹೆಚ್ಚು ಕಡಿಮೆ ಅರ್ಧಕ್ಕರ್ಧ ಸತ್ತರು. ಜಾನ್ ಟಿಲ್ಲಿ, ಅವನ ಹೆಂಡತಿ, ತಮ್ಮ, ತಮ್ಮನ ಹೆಂಡತಿ ಎಲ್ಲರೂ ಹೋದರು. ಉಳಿದದ್ದು ಜಾನ್ ಟಿಲ್ಲಿಯ ಹದಿಮೂರು ವರ್ಷದ ಮಗಳು ಎಲಿಜಬೆತ್. 1621ರ ವಸಂತದಲ್ಲಿ ಗವರ್ನರ್ ಕಾರ್ವರ್ ಕೂಡ ತೀರಿಕೊಂಡ. ಕೆಲವೇ ವಾರಗಳಲ್ಲಿ ಅವನ ಹೆಂಡತಿಯೂ. ಅವರಿಗೆ ಬದುಕುಳಿದ ಮಕ್ಕಳಿರಲಿಲ್ಲ. ಒಡೆಯನಿಲ್ಲದ ಆಳು, ಹೆತ್ತವರಿಲ್ಲದ ಹುಡುಗಿ ಕೆಲವು ವರ್ಷಗಳ ನಂತರ ಮದುವೆಯಾದರು. ಮೊದಲ ಮಗಳಿಗೆ ಡಿಸೈರ್ ಎಂದು ಹೆಸರಿಟ್ಟರು. ಕಾರ್ವರ್ ಮನೆಯಲ್ಲಿ ಡಿಸೈರ್ ಮಿಂಟರ್ ಎಂಬ ಹುಡುಗಿಯೊಬ್ಬಳು ಇದ್ದಳು, ಅವಳ ಹೆಸರೇ ಇದು ಎನ್ನುತ್ತಾರೆ. ಅನಾಥೆ ಎಲಿಜಬೆತ್ ಕೂಡ ಆ ಮನೆಯಲ್ಲೇ ಆಶ್ರಯ ಪಡೆದಿರಬೇಕು. ಕಾರ್ವರ್ ಮನೆಯಲ್ಲಿದ್ದ ಹುಡುಗಿ ಎಂಬ ಮಾತು ಕಾಲಾಂತರದಲ್ಲಿ ಕಾರ್ವರ್ ಮನೆಯ ಹುಡುಗಿ ಎಂದಾಗಿ, ಕೊನೆಗೆ ಕಾರ್ವರ್‌ನ ಮಗಳು ಎಂದಾಗಿರಬಹುದು ಎಂಬುದು ನನ್ನ ಊಹೆ. ಮನೆತನದ ಕತೆಗಳಲ್ಲಿ ಹೀಗೆ ಬಡ್ತಿ ಸಿಗುವುದು ಸಾಮಾನ್ಯ. ಯಾರ ಅಜ್ಜನೂ ಕತೆಯಲ್ಲಿ ದರ್ಜೆ ಕಳೆದುಕೊಂಡದ್ದಿಲ್ಲ.

ಕಾಗದಗಳು ಮಾತಾಡುವುದು ಬೇರೆ ರೀತಿ. 1627ರ ಮೇ ತಿಂಗಳಲ್ಲಿ ಪ್ಲಿಮತ್‌ನವರು ತಮ್ಮ ದನಗಳನ್ನು ಹಂಚಿಕೊಂಡರು. ಊರಿನ ಎಲ್ಲರನ್ನೂ ಹನ್ನೆರಡು ಗುಂಪು ಮಾಡಿ, ಗುಂಪಿಗೆ ಹದಿಮೂರು ಜನರಂತೆ ಹೆಸರು ಬರೆದರು. ನಾಲ್ಕನೆಯ ಗುಂಪಿನ ಮೊದಲ ಹೆಸರು ಜಾನ್ ಹೌಲ್ಯಾಂಡ್. ಆಮೇಲೆ ಹೆಂಡತಿ ಎಲಿಜಬೆತ್, ಮಗ ಜಾನ್, ಮಗಳು ಡಿಸೈರ್. ಅವರ ಪಾಲಿಗೆ ಬಂದದ್ದರಲ್ಲಿ ರ‍್ಯಾಗ್‌ಹಾರ್ನ್ ಎಂಬ ಹೆಸರಿನ ಒಂದು ಕಡಸು. ದನದ ಲೆಕ್ಕಕ್ಕಾಗಿ ಬರೆದ ಈ ಪಟ್ಟಿ ಇಂದು ಆ ಊರಿನ ಮೊದಲ ಜನಗಣತಿಯಂತೆ ಬಳಕೆಯಾಗುತ್ತಿದೆ. ಕೂಸುಗಳಿಗೂ ಪಾಲು ಕೊಟ್ಟದ್ದರಿಂದ ಕೂಸುಗಳ ಹೆಸರೂ ದಾಖಲಾಯಿತು. ವಂಶ ಹುಡುಕುವವರ ಅನುಭವದ ಮಾತೊಂದಿದೆ: ಕೀರ್ತಿಗಾಗಿ ಬರೆದದ್ದಕ್ಕಿಂತ ಪಾಲಿಗಾಗಿ, ಸಾಲಕ್ಕಾಗಿ, ತೆರಿಗೆಗಾಗಿ ಬರೆದದ್ದನ್ನು ಹೆಚ್ಚು ನಂಬಬಹುದು.

ಇನ್ನು ಬ್ರಾಡ್‌ಫರ್ಡ್‌ನ ವಿಷಯ. 1630ರಿಂದ ಹತ್ತಿರಹತ್ತಿರ ಇಪ್ಪತ್ತು ವರ್ಷ ಅವನು ವಸಾಹತಿನ ಇತಿಹಾಸವನ್ನು ಕೈಯಲ್ಲಿ ಬರೆಯುತ್ತಾ ಹೋದ. ಕೊನೆಯಲ್ಲಿ ಮೇಫ್ಲವರ್‌ನಲ್ಲಿ ಬಂದ ಒಂದೊಂದು ಕುಟುಂಬದವರ ಹೆಸರು, ಮೂವತ್ತು ವರ್ಷಗಳಲ್ಲಿ ಯಾರು ಸತ್ತರು, ಯಾರು ಬೆಳೆದರು ಎಂಬುದನ್ನು ಸೇರಿಸಿದ. ಹೌಲ್ಯಾಂಡ್ ಬಗ್ಗೆ ಅವನು ಹೇಳಿದ್ದು ಚುಟುಕಾಗಿ: ಹೆಂಡತಿ ಎಲಿಜಬೆತ್, ಜಾನ್ ಟಿಲ್ಲಿಯ ಮಗಳು, ಇಬ್ಬರೂ ಬದುಕಿದ್ದಾರೆ, ಹತ್ತು ಮಕ್ಕಳು, ಹತ್ತೂ ಜೀವಂತ. ಇಷ್ಟು ಸ್ಪಷ್ಟವಾದ ಮಾತು ಇದ್ದೂ ಮನೆತನ ಇನ್ನೂರು ವರ್ಷ ತಪ್ಪು ಅಪ್ಪನನ್ನು ನಂಬಿದ್ದು ಹೇಗೆ?

ಹಸ್ತಪ್ರತಿ ಅಚ್ಚಾಗಿರಲಿಲ್ಲ. ಬ್ರಾಡ್‌ಫರ್ಡ್ ಮನೆಯವರಿಂದ ಅದನ್ನು ಪಡೆದ ಥಾಮಸ್ ಪ್ರಿನ್ಸ್ ಎಂಬ ಪಾದ್ರಿ ಬಾಸ್ಟನ್ನಿನ ಓಲ್ಡ್ ಸೌತ್ ಚರ್ಚಿನ ಗೋಪುರದಲ್ಲಿದ್ದ ತನ್ನ ಪುಸ್ತಕ ಸಂಗ್ರಹದಲ್ಲಿ ಇಟ್ಟಿದ್ದ. ಸ್ವಾತಂತ್ರ್ಯಯುದ್ಧದ ಕಾಲಕ್ಕೆ ಬಾಸ್ಟನ್ ಬ್ರಿಟಿಷ್ ಸೈನ್ಯದ ವಶದಲ್ಲಿತ್ತು. ಆ ಚರ್ಚನ್ನು ಸೈನಿಕರು ಕುದುರೆ ಸವಾರಿ ಕಲಿಯುವ ಅಂಗಳ ಮಾಡಿಕೊಂಡರು. ಗದ್ದಲ ಮುಗಿದ ಮೇಲೆ ನೋಡಿದರೆ ಹಸ್ತಪ್ರತಿ ಇಲ್ಲ. 1844ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್ ಅಮೆರಿಕದ ಚರ್ಚಿನ ಇತಿಹಾಸ ಬರೆದಾಗ, ಲಂಡನ್ ಬಿಷಪ್ಪರ ಫುಲಮ್ ಅರಮನೆಯ ಗ್ರಂಥಾಲಯದಲ್ಲಿದ್ದ ಒಂದು ಹಸ್ತಪ್ರತಿಯ ಸಾಲುಗಳನ್ನು ಬಳಸಿಕೊಂಡಿದ್ದ. ಆ ಸಾಲುಗಳು ಎಲ್ಲಿಯವು ಎಂದು ಅಮೆರಿಕದ ಓದುಗರಿಗೆ ಹೊಳೆಯಲು 1855ರವರೆಗೆ ಕಾಯಬೇಕಾಯಿತು. ಮರುವರ್ಷ ಮ್ಯಾಸಚೂಸೆಟ್ಸ್‌ನ ಇತಿಹಾಸ ಸಂಘ ಪೂರ್ಣ ಪಠ್ಯವನ್ನು ಅಚ್ಚು ಹಾಕಿಸಿತು. ಮೂಲಪ್ರತಿ ತಾಯ್ನಾಡಿಗೆ ಮರಳಿದ್ದು 1897ರಲ್ಲಿ, ಇಂಗ್ಲೆಂಡಿನ ಚರ್ಚು ನ್ಯಾಯಾಲಯದ ಆದೇಶವಾದ ಮೇಲೆ. ಈಗ ಅದು ಬಾಸ್ಟನ್ನಿನಲ್ಲಿರುವ ರಾಜ್ಯ ಗ್ರಂಥಾಲಯದ ವಶದಲ್ಲಿದೆ.

ಹೌಲ್ಯಾಂಡ್ ಮನೆತನದವರಿಗೆ 1856ರ ಆ ಪುಸ್ತಕ ಸಿಹಿಸುದ್ದಿಯೇನಾಗಿರಲಿಲ್ಲ. ಗವರ್ನರ್ ಕೈತಪ್ಪಿದ, ಬದಲಿಗೆ ಸಿಕ್ಕವನು ಬಂದ ವರ್ಷವೇ ಸತ್ತುಹೋದ, ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಟಿಲ್ಲಿ. ಆದರೂ ಒಪ್ಪಿಕೊಂಡರು. ಶತಮಾನ ಮುಗಿಯುವ ಹೊತ್ತಿಗೆ ಬರಿಯಲ್ ಹಿಲ್‌ನಲ್ಲಿ ಹೊಸ ಕಲ್ಲು ಬಂತು, ಅದರ ಮೇಲೆ ಎಲಿಜಬೆತ್ ಜಾನ್ ಟಿಲ್ಲಿಯ ಮಗಳು ಎಂದಿದೆ. ಕೆತ್ತಿಸಿದ ಕಲ್ಲನ್ನು ಬದಲಿಸುವಷ್ಟು ಪ್ರಾಮಾಣಿಕತೆ ಎಲ್ಲ ಮನೆತನಗಳಲ್ಲೂ ಇರುವುದಿಲ್ಲ. ಅದನ್ನು ಮೆಚ್ಚಲೇಬೇಕು.

ಅಪ್ಪನ ಹೆಸರು ಸಿಕ್ಕಿತು. ತಾಯಿ? ಊರು? ಹಾಲೆಂಡಿನ ಲೈಡನ್ ನಗರದ ದಾಖಲೆಯಲ್ಲಿ ಜಾನ್ ಟಿಲ್ಲಿ ಎಂಬ ರೇಷ್ಮೆ ಕೆಲಸದವನೊಬ್ಬ 1615ರಲ್ಲಿ ವಾನ್ ಡೆರ್ ವೆಲ್ಡೆ ಮನೆತನದ ಹೆಣ್ಣನ್ನು ಮದುವೆಯಾದದ್ದು ಕಂಡಿತು. ಮೇಫ್ಲವರ್‌ನ ಹಲವರು ಲೈಡನ್ನಿನಿಂದ ಬಂದವರೇ. ಹಾಗಾಗಿ ಇವನೇ ಅವನು ಎಂದು ಬಹುಕಾಲ ಬರೆದರು. ಹೆಸರು ಕೂಡಿದ ಮಾತ್ರಕ್ಕೆ ಮನುಷ್ಯ ಕೂಡುವುದಿಲ್ಲ, ಆ ಟಿಲ್ಲಿ ಬೇರೆಯವನು. ನಿಜವಾದ ಉತ್ತರ ಬಂದದ್ದು 1976ರಲ್ಲಿ, ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್‌ನ ಹೆನ್ಲೋ ಎಂಬ ಹಳ್ಳಿಯ ಚರ್ಚಿನ ಪುಸ್ತಕದಿಂದ. 1596ರಲ್ಲಿ ಜಾನ್ ಟಿಲ್ಲಿಗೂ ವಿಧವೆ ಜೋನ್ ಹರ್ಸ್ಟ್‌ಗೂ ಮದುವೆ. 1607ರ ಆಗಸ್ಟ್ 30ರಂದು ಮಗಳು ಎಲಿಜಬೆತ್‌ಗೆ ದೀಕ್ಷಾಸ್ನಾನ.

ಇವಳೇ ಅವಳು ಎಂದು ನಂಬುವುದಕ್ಕೆ ಇರುವ ಆಧಾರಗಳಲ್ಲಿ ಒಂದು, ಸಮುದ್ರದ ಆಚೆ ದಡದಲ್ಲಿ ಸುಮಾರು ಎಂಬತ್ತು ವರ್ಷದ ನಂತರ ಬರೆದ ಒಂದು ಉಯಿಲು. ಜಾನ್ 1673ರಲ್ಲಿ ತೀರಿಕೊಂಡ ಮೇಲೆ ಎಲಿಜಬೆತ್ ಬಹಳ ಕಾಲ ಬದುಕಿದಳು. ಕೊನೆಯ ದಿನಗಳಲ್ಲಿ ಸ್ವಾನ್ಸಿ ಎಂಬ ಊರಿನಲ್ಲಿ ಮಗಳು ಲಿಡಿಯಾ ಬ್ರೌನ್ ಜತೆಗಿದ್ದಳು. 1686ರ ಡಿಸೆಂಬರ್ 17ರಂದು ಬರೆಸಿದ ಉಯಿಲಿನ ಆರಂಭದಲ್ಲೇ ತನಗೆ ಎಪ್ಪತ್ತೊಂಬತ್ತು ವಯಸ್ಸು ಎಂದು ಹೇಳುತ್ತಾಳೆ. ಹೆನ್ಲೋ ಪುಸ್ತಕದ ಮಗು ಬದುಕಿದ್ದರೆ ಆ ದಿನ ಅದಕ್ಕೂ ಎಪ್ಪತ್ತೊಂಬತ್ತೇ.

ಆ ಉಯಿಲನ್ನು ಓದಿದರೆ ಆಕೆಯ ಮನೆಯೊಳಗೆ ಸುತ್ತಿ ಬಂದ ಹಾಗಾಗುತ್ತದೆ. ಹಿರಿಯ ಮಗ ಜಾನ್‌ಗೆ ಐದು ಪೌಂಡ್ ಹಣ, ಟಿಂಡೇಲ್ ಬರೆದ ಪುಸ್ತಕ. ಜೋಸೆಫ್‌ಗೆ ತೂಕದ ತಕ್ಕಡಿ. ಜೇಬೆಜ್‌ಗೆ ಅವನ ವಶದಲ್ಲೇ ಇದ್ದ ಪುಕ್ಕದ ಹಾಸಿಗೆ, ದೊಡ್ಡ ಕಬ್ಬಿಣದ ಪಾತ್ರೆ, ಅದನ್ನು ಒಲೆಯ ಮೇಲೆ ನೇತುಹಾಕುವ ಕೊಕ್ಕೆ. ಜೇಬೆಜ್ ಒಮ್ಮೆ ವಾಸವಿದ್ದ ಮನೆ ಪ್ಲಿಮತ್‌ನಲ್ಲಿ ಈಗಲೂ ನಿಂತಿದೆ. ವಂಶಸ್ಥರ ಸಂಘ ಅದನ್ನು ನೋಡಿಕೊಳ್ಳುತ್ತಿದೆ. ಮಗಳು ಲಿಡಿಯಾಗೆ ಒಳ್ಳೆಯ ಹಾಸಿಗೆ, ಹಸಿರು ಕಂಬಳಿ, ಬೀರು, ಸಣ್ಣ ಹಿತ್ತಾಳೆ ಪಾತ್ರೆ, ಸಣ್ಣ ಬೈಬಲ್, ಇರುವುದರಲ್ಲೇ ನಯವಾದ ದುಪ್ಪಟಿಗಳು. ಕೊನೆಗಾಲದಲ್ಲಿ ನೋಡಿಕೊಂಡ ಮಗಳಿಗೆ ಒಂದು ಹಿಡಿ ಹೆಚ್ಚು. ಇನ್ನೊಬ್ಬ ಮಗಳು ಎಲಿಜಬೆತ್ ಡಿಕಿನ್ಸನ್‌ಗೆ ಒಂದು ಜೊತೆ ದುಪ್ಪಟಿ, ಒಂದು ಪೆಟ್ಟಿಗೆ. ಮಗಳು ಹನ್ನಾ ಬಾಸ್‌ವರ್ತ್‌ಗೆ ಒಂದು ಜೊತೆ ದುಪ್ಪಟಿ.

ವಂಶ ಹುಡುಕುವವರು ಇಂಥ ಪಟ್ಟಿಯಲ್ಲಿ ಹಾಸಿಗೆ, ಪಾತ್ರೆಗಳನ್ನು ದಾಟಿ ಹೋಗಿ ಹೆಣ್ಣುಮಕ್ಕಳ ಹೆಸರಿನ ಮುಂದಿನ ಶಬ್ದದ ಮೇಲೆ ಬೆರಳಿಡುತ್ತಾರೆ. ಬ್ರೌನ್, ಡಿಕಿನ್ಸನ್, ಬಾಸ್‌ವರ್ತ್. ಮದುವೆಯಾದೊಡನೆ ಹೆಣ್ಣು ತವರಿನ ಹೆಸರು ಕಳೆದುಕೊಳ್ಳುವ ಸಮಾಜದಲ್ಲಿ ಅವಳನ್ನು ಅಪ್ಪ–ಅಮ್ಮನಿಗೆ ಮರಳಿ ಜೋಡಿಸುವ ಕೊಂಡಿ ಬಹಳ ಸಲ ಉಯಿಲೊಂದೇ. ಜಾನ್‌ನ ಹಿನ್ನೆಲೆ ಗಟ್ಟಿಯಾದದ್ದೂ ಇಂಥದ್ದರಿಂದಲೇ. ಲಂಡನ್ನಿನ ಜವಳಿ ವ್ಯಾಪಾರಿ ಹಂಫ್ರಿ ಹೌಲ್ಯಾಂಡ್ ತನ್ನ ಉಯಿಲಿನಲ್ಲಿ ಆರ್ಥರ್, ಜಾನ್, ಹೆನ್ರಿ ಎಂಬ ಮೂವರು ಸೋದರರನ್ನು ಹೆಸರಿಸಿ, ನ್ಯೂ ಇಂಗ್ಲೆಂಡಿನ ಒಬ್ಬನಿಂದ ತನಗೆ ಬರಬೇಕಾದ ಸಾಲದ ಹಣದಲ್ಲಿ ಅವರಿಗೆ ಪಾಲು ಬರೆದ. ವಸೂಲಿಯಾಗದ ಸಾಲದ ತಲೆನೋವನ್ನು ಸೋದರರ ಮೇಲೆ ಹಾಕಿದ ಎಂದೂ ಓದಬಹುದು. ಏನೇ ಇರಲಿ, ಪ್ಲಿಮತ್‌ನ ಹೌಲ್ಯಾಂಡ್‌ಗಳ ಮೂಲ ಫೆನ್‌ಸ್ಟಾಂಟನ್ ಎಂಬ ಹಳ್ಳಿಯ ಕುಟುಂಬಕ್ಕೆ ತಗಲಿದ್ದು ಇಂಥ ಕಾಗದದಿಂದ.

ತಾರೀಖುಗಳಲ್ಲೂ ಒಂದು ಕಣ್ಣಿರಬೇಕು. ಜಾನ್ ತೀರಿಕೊಂಡ ದಿನವನ್ನು 1672/3ರ ಫೆಬ್ರವರಿ 23 ಎಂದು ಬರೆಯುತ್ತಾರೆ. 1752ರವರೆಗೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಆಗಿನವರಿಗೆ ಅದು 1672, ನಮ್ಮ ಲೆಕ್ಕಕ್ಕೆ 1673. ಇದು ಗೊತ್ತಿಲ್ಲದವರು ಅಪ್ಪ ಸತ್ತ ಮೇಲೆ ಮಗ ಹುಟ್ಟಿಸುತ್ತಾರೆ, ಮದುವೆಗೆ ಮುಂಚೆ ಮಗು ಹುಟ್ಟಿಸಿ ಸತ್ತವರ ಮಾನ ಕಳೆಯುತ್ತಾರೆ.

ಇದುವರೆಗಿನದು ಬುಡದ ಕತೆ. ಇಂದಿನ ಅಮೆರಿಕನ್ನನೊಬ್ಬ ತನ್ನಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕಾದರೆ ಕಷ್ಟ ಬರುವುದು ನಡುವೆ. ಇಪ್ಪತ್ತನೆಯ ಶತಮಾನಕ್ಕೆ ಜನನ ಪತ್ರ, ಮರಣ ಪತ್ರಗಳಿವೆ. ಜನಗಣತಿಯ ಹಾಳೆಗಳು 72 ವರ್ಷಗಳ ನಂತರ ಎಲ್ಲರಿಗೂ ತೆರೆಯುತ್ತವೆ. 1950ರದ್ದು 2022ರಲ್ಲಿ ತೆರೆಯಿತು. 1890ರದ್ದು ಬೆಂಕಿ ಅನಾಹುತದಿಂದಾಗಿ ಬಹುಪಾಲು ಉಳಿದಿಲ್ಲ. ಹಿಂದೆ ಹೋದಂತೆ 1850ರವರೆಗೆ ಮನೆಯವರೆಲ್ಲರ ಹೆಸರು ಸಿಗುತ್ತದೆ. ಅದಕ್ಕಿಂತ ಹಿಂದೆ, 1790ರ ಮೊದಲ ಗಣತಿಯವರೆಗೂ ಯಜಮಾನನ ಹೆಸರು ಮಾತ್ರ. ಹೆಂಡತಿ ಮಕ್ಕಳು ಬರೀ ಅಂಕಿಗಳು. ದುರದೃಷ್ಟಕ್ಕೆ ನ್ಯೂ ಇಂಗ್ಲೆಂಡಿನ ಕುಟುಂಬಗಳು ಊರು ಬಿಟ್ಟು ನ್ಯೂಯಾರ್ಕಿನ ಪಶ್ಚಿಮಕ್ಕೆ, ಒಹಾಯೊಗೆ, ಅದಕ್ಕೂ ಆಚೆಗೆ ಗಾಡಿ ಕಟ್ಟಿದ್ದೂ ಇದೇ ಅವಧಿಯಲ್ಲಿ. ಹಳೆಯ ಊರುಗಳು ಹುಟ್ಟು ಸಾವುಗಳನ್ನು ಬರೆದಿಡುತ್ತಿದ್ದವು. ಕಾಡು ಕಡಿದು ಕಟ್ಟಿದ ಹೊಸ ಊರುಗಳಲ್ಲಿ ಆ ಪದ್ಧತಿ ಇರಲಿಲ್ಲ. ಎಷ್ಟೋ ವಂಶಗಳ ದಾರ ಇಲ್ಲಿ ತುಂಡಾಗುತ್ತದೆ.

ಇಲ್ಲಿ ಕೈ ಹಿಡಿಯುವುದು ಸರ್ಕಾರದ ಪಿಂಚಣಿ ಕಡತಗಳು. ಸ್ವಾತಂತ್ರ್ಯಯುದ್ಧದಲ್ಲಿ ಹೋರಾಡಿದ ಸೈನಿಕರಿಗೆ 1832ರ ಕಾನೂನಿನಂತೆ ಪಿಂಚಣಿ ಬೇಕಿದ್ದರೆ, ಎಲ್ಲಿ ಹುಟ್ಟಿದೆ, ಆಗ ಎಲ್ಲಿದ್ದೆ, ಆಮೇಲೆ ಎಲ್ಲೆಲ್ಲಿ ಬದುಕಿದೆ ಎಂದು ನ್ಯಾಯಾಧೀಶರ ಮುಂದೆ ಹೇಳಬೇಕಿತ್ತು. 1836ರಲ್ಲಿ ವಿಧವೆಯರಿಗೂ ಪಿಂಚಣಿ ಬಂತು. ಮದುವೆ ಯಾವಾಗ ಆಯಿತು ಎಂಬುದಕ್ಕೆ ಆಧಾರ ಕೊಡಬೇಕಾಯಿತು. ಮದುವೆಯ ಚೀಟಿ ಯಾರ ಬಳಿಯೂ ಇಲ್ಲ. ಇದ್ದದ್ದು ಮನೆಯ ಬೈಬಲ್, ಅದರ ಹಾಳೆಯಲ್ಲಿ ಬರೆದ ಮದುವೆ, ಹುಟ್ಟು, ಸಾವುಗಳ ಸಾಲುಗಳು. ಮುದುಕಿಯರು ಆ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿದರು. ಆ ಹಾಳೆಗಳು ಇಂದಿಗೂ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿವೆ. ಬೈಬಲ್ ಹರಿಯುವುದು ಅವರಿಗೆ ಸಣ್ಣ ಮಾತಾಗಿರಲಾರದು.

ಆಧಾರವಿಲ್ಲದ ಕಡೆ ಊಹೆ ನುಗ್ಗುತ್ತದೆ, ಊಹೆಯ ಹಿಂದೆ ಮೋಸ. ಸ್ವೀಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದ ಗುಸ್ತಾವ್ ಅಂಜು ಎಂಬವನು ಹಣವಂತರಿಗೆ ಬೇಕಾದ ವಂಶಾವಳಿಯನ್ನು ಬೇಕಾದ ಹಾಗೆ ಹೆಣೆದು ಮಾರುತ್ತಿದ್ದ. ನಿಜವಾದ ದಾಖಲೆಗಳ ನಡುವೆ ಒಂದೆರಡು ಸುಳ್ಳು ದಾಖಲೆ ಸೇರಿಸಿ ರಾಜಮನೆತನಕ್ಕೆ ಗಂಟು ಹಾಕುವುದು ಅವನ ಕಸುಬು. 1942ರಲ್ಲಿ ಸತ್ತರೂ ಅವನ ವಂಶಾವಳಿಗಳು ಸತ್ತಿಲ್ಲ. ಒಬ್ಬರಿಂದ ಒಬ್ಬರು ನಕಲು ಮಾಡಿಕೊಳ್ಳುತ್ತಲೇ ಇದ್ದಾರೆ. ಅದಕ್ಕೇ 1897ರಲ್ಲಿ ಸ್ಥಾಪನೆಯಾದ ಮೇಫ್ಲವರ್ ವಂಶಸ್ಥರ ಸಂಘ ಸದಸ್ಯತ್ವಕ್ಕೆ ಒಂದೊಂದು ತಲೆಮಾರಿಗೂ ಆಧಾರ ಕೇಳುತ್ತದೆ. ಮೊದಲ ಐದು ತಲೆಮಾರುಗಳನ್ನು ಶೋಧಿಸಿ ಸಂಘ ಪ್ರಕಟಿಸಿರುವ ಸಂಪುಟಗಳನ್ನು ಹೊದಿಕೆಯ ಬಣ್ಣದಿಂದ ಬೆಳ್ಳಿ ಪುಸ್ತಕಗಳು ಎನ್ನುತ್ತಾರೆ.

ಈಗ ಎಂಜಲು ಕೊಟ್ಟು ವಂಶವಾಹಿ ಪರೀಕ್ಷೆ ಮಾಡಿಸಿದರೆ ಎಲ್ಲ ಬಯಲಾಗುತ್ತದೆ ಎಂದು ನಂಬುವವರಿದ್ದಾರೆ. ಅಷ್ಟು ಸುಲಭವಲ್ಲ. ತಂದೆಯಿಂದ ಮಗನಿಗೆ ಸಾಗುವ ವೈ ವರ್ಣತಂತು ಹೌಲ್ಯಾಂಡ್ ಎಂಬ ಗಂಡುಸಂತತಿಯನ್ನು ಗುರುತಿಸಬಲ್ಲದು. ಆದರೆ ಜಾನ್‌ನ ಸೋದರರಾದ ಆರ್ಥರ್, ಹೆನ್ರಿ ಇಬ್ಬರೂ ಆಮೇಲೆ ಪ್ಲಿಮತ್ ವಸಾಹತಿಗೆ ಬಂದರು. ಮೂವರದ್ದೂ ಒಂದೇ ವೈ. ನ್ಯೂ ಬೆಡ್‌ಫರ್ಡ್‌ನಲ್ಲಿ ತಿಮಿಂಗಿಲ ಬೇಟೆಯಿಂದ ಶ್ರೀಮಂತರಾದ ಹೌಲ್ಯಾಂಡ್‌ಗಳು ಹೆನ್ರಿಯ ಕಡೆಯವರು, ಮೇಫ್ಲವರ್‌ನವರಲ್ಲ. ಅದನ್ನು ಹೇಳಲು ಮತ್ತೆ ಕಾಗದವೇ ಬೇಕು. ಇನ್ನು ಲೆಕ್ಕ ಹಾಕಿದರೆ ಹನ್ನೆರಡು ತಲೆಮಾರು ಹಿಂದಕ್ಕೆ ಒಬ್ಬೊಬ್ಬರಿಗೂ 4096 ಪೂರ್ವಿಕರು. ಅಷ್ಟರಲ್ಲಿ ಒಬ್ಬ ಜಾನ್. ಅವನ ವಂಶವಾಹಿಯ ಒಂದು ಚೂರೂ ಇಂದಿನ ವಂಶಸ್ಥನ ಮೈಯಲ್ಲಿ ಇಲ್ಲದಿರುವುದೇ ಹೆಚ್ಚು ಸಂಭವ. ಹೆಮ್ಮೆಗೆ ಮಾತ್ರ ಇದರಿಂದ ಏನೂ ಕಡಿಮೆಯಾದಂತಿಲ್ಲ.

ಕಾಗದವನ್ನು ಇಷ್ಟು ಹೊಗಳಿದ ಮೇಲೆ, ಆ ಕಾಗದ ಯಾರ ಕೈಯಲ್ಲಿತ್ತು ಎಂಬುದನ್ನೂ ಹೇಳಬೇಕು. ಪ್ಲಿಮತ್ ಎದ್ದು ನಿಂತದ್ದು ಪಟುಕ್ಸೆಟ್ ಎಂಬ ವಾಂಪನೊಆಗ್ ಜನರ ಊರಿನ ಮೇಲೆ. ಹಡಗು ಬರುವ ಕೆಲವೇ ವರ್ಷ ಮುಂಚೆ ಸಾಂಕ್ರಾಮಿಕ ರೋಗ ಆ ಊರನ್ನು ಅಳಿಸಿಹಾಕಿತ್ತು. ಅಲ್ಲಿ ಸತ್ತವರ ಪಟ್ಟಿಯನ್ನು ಯಾರೂ ಬರೆಯಲಿಲ್ಲ. 1675ರಲ್ಲಿ ವಾಂಪನೊಆಗ್ ನಾಯಕ ಮೆಟಕಾಮ್ ವಸಾಹತಿನ ವಿರುದ್ಧ ಎದ್ದಾಗ ಮೊದಲ ದಾಳಿ ನಡೆದದ್ದು ಸ್ವಾನ್ಸಿಯ ಮೇಲೆ, ಎಲಿಜಬೆತ್ ಮುಂದೆ ಕೊನೆಯುಸಿರೆಳೆದ ಅದೇ ಊರು. ಯುದ್ಧ ಸೋತ ಮೂಲನಿವಾಸಿಗಳಲ್ಲಿ ಎಷ್ಟೋ ಜನರನ್ನು ಗುಲಾಮರಾಗಿ ವೆಸ್ಟ್ ಇಂಡೀಸಿಗೆ ಮಾರಿದರು. ಆಫ್ರಿಕಾದಿಂದ ತಂದ ಗುಲಾಮರ ಮಕ್ಕಳ ಪಾಡೂ ಇದೇ. 1850 ಮತ್ತು 1860ರ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಇವೆ. ಹೆಸರಿನ ಜಾಗ ಖಾಲಿ. ಅವರಲ್ಲಿ ಬಹುತೇಕರು ಹೆಸರು ಸಹಿತ ಗಣತಿಗೆ ಬಂದದ್ದು 1870ರಲ್ಲಿ. ಅದಕ್ಕಿಂತ ಹಿಂದೆ ಹೋಗಬೇಕಾದರೆ ತಮ್ಮ ಅಜ್ಜ ಅಜ್ಜಿಯರನ್ನು ಒಡೆಯನ ಉಯಿಲಿನಲ್ಲಿ, ಹಾಸಿಗೆ ಪಾತ್ರೆ ದನಗಳ ಸಾಲಿನಲ್ಲಿ ಹುಡುಕಬೇಕು. ಎಲಿಜಬೆತ್‌ಳ ಅಪ್ಪ ಯಾರು ಎಂದು ಇನ್ನೂರು ವರ್ಷ ತಪ್ಪು ತಿಳಿದದ್ದು ಒಂದು ಸ್ವಾರಸ್ಯದ ಕತೆಯಾದರೆ, ಇದು ಕತೆಯಾಗಲೂ ಉಳಿಯದ ಅನ್ಯಾಯ.

1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಅಮೆರಿಕಕ್ಕೆ ಹೋಗಿ ನೆಲೆಸಿದ ಮೊದಲ ಕನ್ನಡ ಕುಟುಂಬಗಳು ಅಲ್ಲಿನ 1970ರ ಜನಗಣತಿಯ ಹಾಳೆಗಳಲ್ಲಿವೆ. ಆ ಹಾಳೆಗಳು ತೆರೆಯುವುದು 2042ರಲ್ಲಿ. ಅವುಗಳಲ್ಲಿ ಮನೆಯವರ ಹೆಸರು, ವಯಸ್ಸು ಸಿಗುತ್ತದೆ. ಅಜ್ಜಿಯ ತವರು, ಬಿಟ್ಟುಬಂದ ಹಳ್ಳಿ, ಅವರ ಅಪ್ಪ–ಅಮ್ಮಂದಿರ ಹೆಸರು ಸಿಗುವುದಿಲ್ಲ. ಅದನ್ನು ಬಲ್ಲವರು ಇನ್ನೂ ಮನೆಯಲ್ಲಿದ್ದರೆ ಈ ವಾರವೇ ಕೂತು ಕೇಳಿ, ಕೇಳಿದ್ದನ್ನು ತಾರೀಖು ಹಾಕಿ ಬರೆದಿಡಿ. ಹೇಳಿದವರು ಯಾರು ಎಂಬುದನ್ನೂ ಬರೆಯಲು ಮರೆಯಬೇಡಿ.